ಮ್ಯೂಸಿಕ್ ಸಾಫ್ಟ್‌ವೇರ್ ಕೈಪಿಡಿಯನ್ನು ಪೆನ್ಸಿಲ್ ಹಿಡಿದು ಓದುವ ಕ್ರಮ

ಉಡುಪಿಯ ನಮ್ಮ ಮನೆಯ ಮಾಳಿಗೆಯಲ್ಲಿ ಒಂದು ಚಿಕ್ಕ ಕೋಣೆ ಇದೆ. ಯಕ್ಷಗಾನದ ಪದ, ಭಜನೆ, ಕೆಲವೊಮ್ಮೆ ತುಳು ಹಾಡು, ಇವನ್ನು ನಾನು ಅಲ್ಲಿ ರೆಕಾರ್ಡ್ ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಬ್ಬರು ಭಾಗವತರು ಬೇರೆ ಕಡೆ ಹಾಡಿದ್ದ 10 ನಿಮಿಷದ ಫೈಲ್ ಒಂದನ್ನು ಪೆನ್‌ಡ್ರೈವ್‌ನಲ್ಲಿ ತಂದುಕೊಟ್ಟರು. ಅದಕ್ಕೆ ಚೆಂಡೆ, ಮದ್ದಳೆ ಸೇರಿಸಬೇಕಿತ್ತು. ಹಾಡಿದ್ದು ಕಪ್ಪು ಮೂರರ ಶ್ರುತಿಯಲ್ಲಿ, ಅಂದರೆ ಹಾರ್ಮೋನಿಯಂನ ಮೂರನೇ ಕಪ್ಪು ಮನೆಯಲ್ಲಿ. ಮದ್ದಳೆಯವರು ಮನೆಯಿಂದಲೇ ಕಪ್ಪು ಮೂರಕ್ಕೆ ಶ್ರುತಿ ಮಾಡಿಕೊಂಡು ಬಂದಿದ್ದರು. ನನ್ನ ಸ್ಪೀಕರಿನಲ್ಲಿ ಮಾತ್ರ ಸ್ವರ ಬಿಳಿ ಮೂರಕ್ಕೂ ಬಿಳಿ ನಾಲ್ಕಕ್ಕೂ ನಡುವೆ ಎಲ್ಲೋ ನಿಂತಿತ್ತು. ಹಾರ್ಮೋನಿಯಂನ ಯಾವ ಮನೆಗೂ ಸೇರದ ಶ್ರುತಿ. ಮದ್ದಳೆಯವರು ಒಂದು ಗಂಟೆ ಒದ್ದಾಡಿದರು.

ಫೈಲ್ 48,000 ಹರ್ಟ್ಸ್‌ನಲ್ಲಿತ್ತು, ನನ್ನ ಪ್ರಾಜೆಕ್ಟ್ 44,100ರಲ್ಲಿತ್ತು. ಈ ಸಂಖ್ಯೆಯೇ ಸ್ಯಾಂಪಲ್ ರೇಟ್, ಸೆಕೆಂಡಿಗೆ ಎಷ್ಟು ಸಲ ಶಬ್ದವನ್ನು ಅಳೆದು ಬರೆದಿದೆ ಎಂಬ ಲೆಕ್ಕ. ಆಗಿನ ನನ್ನ ಸಾಫ್ಟ್‌ವೇರ್‌ನಲ್ಲಿ ಫೈಲನ್ನು ಒಳಗೆ ತರುವಾಗ ಸ್ಯಾಂಪಲ್ ರೇಟ್ ಬದಲಿಸಬೇಕು ಎಂದು ಒಂದು ಟಿಕ್ ಹಾಕಬೇಕಿತ್ತು, ನಾನು ಹಾಕಿರಲಿಲ್ಲ. ಹಾಗಾಗಿ ಶ್ರುತಿ ಸುಮಾರು ಒಂದೂವರೆ ಮನೆ ಇಳಿದಿತ್ತು. 10 ನಿಮಿಷದ ಹಾಡು 10 ನಿಮಿಷ 53 ಸೆಕೆಂಡ್ ಆಗಿತ್ತು. ಆ ಟಿಕ್‌ನ ವಿಷಯ ಕೈಪಿಡಿಯಲ್ಲಿ ಒಂದೇ ಸಾಲಿನಲ್ಲಿತ್ತು. ಎರಡು ವರ್ಷದಿಂದ ಆ ಪಿಡಿಎಫ್ ನನ್ನ ಕಂಪ್ಯೂಟರಿನಲ್ಲೇ ಇತ್ತು.

ಅವತ್ತಿನಿಂದ ನಾನು ಕೈಪಿಡಿ ಓದುವ ಕ್ರಮ ಬದಲಿಸಿಕೊಂಡೆ. ಈಗ ಕಲಿಯಲು ಬರುವ ಹುಡುಗ ಹುಡುಗಿಯರಿಗೂ ಅದನ್ನೇ ಹೇಳಿಕೊಡುತ್ತೇನೆ. ವಿಡಿಯೋ ನೋಡಿ ಕಲಿಯುವುದು ತಪ್ಪಲ್ಲ, ನಾನೂ ನೋಡುತ್ತೇನೆ. ಆದರೆ ವಿಡಿಯೋ ಮಾಡಿದವರ ಪ್ರಶ್ನೆ ಬೇರೆ, ನಿಮ್ಮದು ಬೇರೆ. ಅವರು ಒತ್ತದ ಬಟನ್ ಏನು ಮಾಡುತ್ತದೆ ಎಂದು ಕೈಪಿಡಿ ಮಾತ್ರ ಹೇಳುತ್ತದೆ.

1. ನಿಮ್ಮ ಆವೃತ್ತಿಯ ಕೈಪಿಡಿಯನ್ನೇ ಇಟ್ಟುಕೊಳ್ಳಿ

ಹೆಲ್ಪ್ ಮೆನುವಿನಲ್ಲಿ ಅಬೌಟ್ ತೆರೆದು ಆವೃತ್ತಿ ಸಂಖ್ಯೆ ನೋಡಿ. ಅದೇ ಸಂಖ್ಯೆಯ ಕೈಪಿಡಿಯನ್ನು ತಯಾರಕರ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಫೈಲಿನ ಹೆಸರಿಗೆ ಆವೃತ್ತಿ, ಇಳಿಸಿದ ದಿನಾಂಕ ಸೇರಿಸಿ. ನಾನು ಈಗ ಬಳಸುವ ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್‌ನ ಕೈಪಿಡಿ ಉಚಿತ, 400 ಪುಟಕ್ಕಿಂತ ಜಾಸ್ತಿ ಇದೆ. ಸಾಫ್ಟ್‌ವೇರ್ ಬೇಗ ಬೇಗ ಬದಲಾಗುತ್ತದೆ, ಕೈಪಿಡಿ ನಿಧಾನವಾಗಿ ಹಿಂದೆ ಬರುತ್ತದೆ. ನಡುವಿನ ಬದಲಾವಣೆಗಳ ಪಟ್ಟಿಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ಆರ್ಡರ್‌ನಂತಹ ಕೆಲವು ಸಾಫ್ಟ್‌ವೇರ್‌ಗಳ ಕೈಪಿಡಿ ಜಾಲಪುಟಗಳ ರೂಪದಲ್ಲಿ ಇರುತ್ತದೆ. ಬೇಕಾದ ಪುಟಗಳನ್ನು ಪಿಡಿಎಫ್ ಮಾಡಿ ಇಟ್ಟುಕೊಂಡರೆ ಮಳೆಗಾಲದಲ್ಲಿ ನೆಟ್ ಹೋದಾಗ ಕಷ್ಟ ಇಲ್ಲ.

2. ಓದುವ ಮೊದಲು ನಿಮ್ಮ ಪ್ರಶ್ನೆ ಬರೆಯಿರಿ

ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಬೇಡಿ. ಎರಡನೇ ದಿನವೇ ಬಿಟ್ಟುಬಿಡುತ್ತೀರಿ. ಒಂದು ಹಾಳೆಯಲ್ಲಿ ಕೈ ಬರಹದಲ್ಲಿ, ನೀವು ಮಾತಾಡುವ ಕನ್ನಡದಲ್ಲೇ, ನಿಮಗೆ ನಿಜವಾಗಿ ಅಡ್ಡ ಬಂದ ಏಳೆಂಟು ಸಂಗತಿ ಬರೆಯಿರಿ. ನನ್ನ ಮೊದಲ ಹಾಳೆ ಈಗಲೂ ಇದೆ. ಅದರಲ್ಲಿ ಇದ್ದದ್ದು ಇಂಥವು: ಚೆಂಡೆ ಬಾರಿಸಿದ ಕೂಡಲೇ ಕೆಂಪು ಲೈಟ್ ಯಾಕೆ ಬರುತ್ತದೆ? ಹೆಡ್‌ಫೋನಿನಲ್ಲಿ ಸ್ವರ ತಡವಾಗಿ ಯಾಕೆ ಕೇಳುತ್ತದೆ? ಹಾಡಿನ ಮಧ್ಯೆ ಒಂದೇ ಸಾಲು ಮಾತ್ರ ಮತ್ತೆ ಹಾಡಿಸುವುದು ಹೇಗೆ? ತ್ರಿವುಡೆ ತಾಳಕ್ಕೆ ಕ್ಲಿಕ್ (ಲಯ ತೋರಿಸುವ ಟಿಕ್ ಟಿಕ್ ಶಬ್ದ) ಹಾಕುವುದು ಹೇಗೆ?

ಪ್ರಶ್ನೆ ಹೀಗೆ ಇದ್ದರೆ ಕೈಪಿಡಿಯಲ್ಲಿ ಎಲ್ಲಿ ನಿಲ್ಲಬೇಕು ಎಂದು ಕಣ್ಣಿಗೆ ಗೊತ್ತಾಗುತ್ತದೆ. ಕೈಪಿಡಿ ಬರೆದವರು ಉತ್ತರವನ್ನು ತಮ್ಮ ಹೆಸರಿನಲ್ಲಿ ಇಟ್ಟಿರುತ್ತಾರೆ, ನಿಮ್ಮ ಹೆಸರಿನಲ್ಲಿ ಅಲ್ಲ. ಒಂದು ಸಾಲು ಮತ್ತೆ ಹಾಡಿಸುವುದಕ್ಕೆ ಅವರಿಟ್ಟ ಹೆಸರು ಪಂಚ್ ಇನ್. ತಡವಾಗಿ ಕೇಳುವುದಕ್ಕೆ ಲೇಟೆನ್ಸಿ. ಆ ಹೆಸರು ಸಿಕ್ಕಿದ ಕೂಡಲೇ ಪ್ರಶ್ನೆಯ ಪಕ್ಕದಲ್ಲಿ ಬರೆದುಕೊಳ್ಳಿ. ಅರ್ಧ ಕೆಲಸ ಅಲ್ಲೇ ಮುಗಿಯಿತು.

3. ಒಂದು ಗಂಟೆ ಸುಮ್ನೆ ಪುಟ ತಿರುಗಿಸಿ

ಪರಿವಿಡಿಯನ್ನು ನಿಧಾನವಾಗಿ ಓದಿ. ಹೆಚ್ಚಿನ ಕೈಪಿಡಿಗಳಲ್ಲಿ ಎರಡು ಬಗೆಯ ಅಧ್ಯಾಯ ಇರುತ್ತವೆ. ಕೆಲವು ಕೈ ಹಿಡಿದು ಕೆಲಸ ಮಾಡಿಸುತ್ತವೆ. ಉಳಿದವು ಪ್ರತಿ ಬಟನ್ನಿನ ಅರ್ಥ ಹೇಳುವ ನಿಘಂಟಿನ ಹಾಗೆ. ಮೊದಲನೆಯದನ್ನು ಓದಬೇಕು, ಎರಡನೆಯದನ್ನು ಹುಡುಕಬೇಕು. ಕ್ಯೂಬೇಸ್‌ನಂತಹ ಸಾಫ್ಟ್‌ವೇರ್‌ಗೆ ಪ್ಲಗಿನ್‌ಗಳ, ಅಂದರೆ ಶಬ್ದ ತಿದ್ದಲು ಒಳಗೆ ಸೇರಿಸುವ ಚಿಕ್ಕ ಸಾಧನಗಳ, ಕೈಪಿಡಿ ಬೇರೆಯೇ ಇರುತ್ತದೆ. ಜೋರಾದ ಶಬ್ದವನ್ನು ತಗ್ಗಿಸುವ ಕಂಪ್ರೆಸರ್‌ನ ಅಧ್ಯಾಯ ಸಿಗಲಿಲ್ಲ ಎಂದು ಗಾಬರಿ ಬೇಡ, ಅದು ಇನ್ನೊಂದು ಫೈಲಿನಲ್ಲಿ ಇರುತ್ತದೆ.

ಸಾಫ್ಟ್‌ವೇರಿನ ಒಳಗೇ ಇರುವ ಕೈಪಿಡಿಯನ್ನೂ ಬಿಡಬೇಡಿ. ಎಫ್‌ಎಲ್ ಸ್ಟುಡಿಯೋದಲ್ಲಿ ಒಂದು ಕಿಟಕಿಯ ಮೇಲೆ ಕ್ಲಿಕ್ ಮಾಡಿ ಎಫ್1 ಒತ್ತಿದರೆ ಅದರ ಪುಟವೇ ತೆರೆಯುತ್ತದೆ. ಏಬಲ್ಟನ್ ಲೈವ್‌ನಲ್ಲಿ ಎಡಗಡೆ ಕೆಳಗಿನ ಚೌಕಟ್ಟು, ಮೌಸ್ ಎಲ್ಲಿದೆಯೋ ಅದರ ವಿವರ ತೋರಿಸುತ್ತದೆ. ರೀಪರ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಕೀ ಒತ್ತಿದರೆ ಎಲ್ಲ ಕೆಲಸಗಳ ಪಟ್ಟಿ ಬರುತ್ತದೆ, ಅದರಲ್ಲಿ ಹುಡುಕಬಹುದು. ಕಂಟ್ರೋಲ್ ಮತ್ತು ಪಿ ಒತ್ತಿದರೆ ಬರುವ ಸೆಟ್ಟಿಂಗ್ ಕಿಟಕಿಯ ಕೆಳಗೂ ಹುಡುಕುವ ಚೌಕ ಇದೆ. ಅದನ್ನು ಗಮನಿಸದೆ ತಿಂಗಳುಗಟ್ಟಲೆ ಮೆನು ತಡಕಾಡುವವರನ್ನು ನೋಡಿದ್ದೇನೆ.

4. ಒಂದು ಪ್ಯಾರಾ ಓದಿ, ಒಂದು ಪ್ರಯೋಗ ಮಾಡಿ

ಇದೇ ಈ ಕ್ರಮದ ಮುಖ್ಯ ಭಾಗ. ಸಾಫ್ಟ್‌ವೇರ್ ತೆರೆದಿಟ್ಟುಕೊಳ್ಳದೆ ಕೈಪಿಡಿ ಓದಬೇಡಿ.

ಮೊದಲು ಪ್ರಯೋಗಕ್ಕೆಂದೇ ಒಂದು ಪ್ರಾಜೆಕ್ಟ್ ಮಾಡಿ. ನನ್ನದರಲ್ಲಿ 20 ಸೆಕೆಂಡಿನ ಚೆಂಡೆ, 20 ಸೆಕೆಂಡಿನ ಪದ, ಶ್ರುತಿಪೆಟ್ಟಿಗೆಯ ಒಂದು ನಿಮಿಷ ಮತ್ತು ಯಾರೂ ಇಲ್ಲದ ಕೋಣೆಯ 10 ಸೆಕೆಂಡ್ ಇವೆ. ಕೈಪಿಡಿಯ ಉದಾಹರಣೆಗಳಲ್ಲಿ ಯಾವಾಗಲೂ ಡ್ರಮ್ ಸೆಟ್, ಎಲೆಕ್ಟ್ರಿಕ್ ಗಿಟಾರ್ ಇರುತ್ತವೆ. ಅವುಗಳ ಜಾಗದಲ್ಲಿ ನಿಮ್ಮ ವಾದ್ಯ ಇಟ್ಟು ನೋಡಬೇಕು. ಇಲ್ಲದಿದ್ದರೆ ಓದಿದ್ದು ತಲೆಗೆ ಹೋಗುತ್ತದೆ, ಕಿವಿಗೆ ಹೋಗುವುದಿಲ್ಲ.

ಕಂಪ್ರೆಸರ್ ಅಧ್ಯಾಯವನ್ನೇ ತೆಗೆದುಕೊಳ್ಳಿ. ಥ್ರೆಶೋಲ್ಡ್ ಎಂದರೆ ಒಂದು ಗೆರೆ. ಶಬ್ದ ಆ ಗೆರೆ ದಾಟಿದರೆ ಮಾತ್ರ ಕಂಪ್ರೆಸರ್ ಕೆಲಸ ಮಾಡುತ್ತದೆ. ಎಷ್ಟು ತಗ್ಗಿಸಬೇಕು ಎನ್ನುವುದು ರೇಶಿಯೋ. ಇಷ್ಟು ಓದಿ ಮುಂದೆ ಹೋಗಬೇಡಿ, ಪೆನ್ಸಿಲ್ ಹಿಡಿದು ಲೆಕ್ಕ ಮಾಡಿ. ಗೆರೆ ಮೈನಸ್ 18 ಡಿಬಿಯಲ್ಲಿದೆ (ಡಿಬಿ ಅಂದರೆ ಡೆಸಿಬೆಲ್, ಶಬ್ದದ ಮಟ್ಟದ ಅಳತೆ), ರೇಶಿಯೋ 4ಕ್ಕೆ 1. ಶಬ್ದ ಮೈನಸ್ 10ಕ್ಕೆ ಬಂತು ಅಂದರೆ ಗೆರೆಗಿಂತ 8 ಡಿಬಿ ಮೇಲೆ. ಆ 8ರಲ್ಲಿ ನಾಲ್ಕನೇ ಒಂದು ಭಾಗ, ಅಂದರೆ 2 ಡಿಬಿ ಮಾತ್ರ ಉಳಿಯುತ್ತದೆ. ಹೊರಗೆ ಬರುವುದು ಮೈನಸ್ 16. ಈ ಲೆಕ್ಕವನ್ನು ಒಂದು ಸಲ ಅಂಚಿನಲ್ಲಿ ಬರೆದರೆ ಮತ್ತೆ ಮರೆಯುವುದಿಲ್ಲ.

ಆಮೇಲೆ ಅಟ್ಯಾಕ್. ಶಬ್ದ ಗೆರೆ ದಾಟಿದ ಮೇಲೆ ಕಂಪ್ರೆಸರ್ ಪೂರ್ತಿ ಹಿಡಿತಕ್ಕೆ ಬರಲು ಎಷ್ಟು ಮಿಲಿಸೆಕೆಂಡ್ ಬೇಕು ಎಂಬ ಅಳತೆ. ಓದಿದಾಗ ಅರ್ಥ ಆದ ಹಾಗೆ ಅನ್ನಿಸುತ್ತದೆ. ಈಗ ಚೆಂಡೆಯ 20 ಸೆಕೆಂಡನ್ನು ಲೂಪ್‌ಗೆ ಹಾಕಿ ಅಟ್ಯಾಕ್ 1 ಮಿಲಿಸೆಕೆಂಡಿಗೆ ತನ್ನಿ. ಕೋಲು ಚರ್ಮಕ್ಕೆ ತಾಗುವ ಆ ಚುರುಕು ಹೋಯಿತು, ಅಲ್ವಾ? ಪಕ್ಕದ ಮನೆಯಲ್ಲಿ ಬಾರಿಸಿದ ಹಾಗೆ ಕೇಳುತ್ತದೆ. ನಿಧಾನವಾಗಿ 20ಕ್ಕೆ ಏರಿಸಿ. ಪೆಟ್ಟು ಮೊದಲು ಹೊರಗೆ ದಾಟಿಹೋಗುತ್ತದೆ, ಅದರ ಹಿಂದಿನ ಮೊರೆತವನ್ನು ಮಾತ್ರ ಕಂಪ್ರೆಸರ್ ಹಿಡಿಯುತ್ತದೆ. ನನ್ನ ಪ್ರತಿಯ ಅಂಚಿನಲ್ಲಿ ಹೀಗಿದೆ: "ಚೆಂಡೆ. 1 ಮಿ.ಸೆ. ಪೆಟ್ಟು ಸತ್ತಿತು. 20 ಮಿ.ಸೆ. ಪೆಟ್ಟು ಉಳಿಯಿತು, ಬಾಲ ತಗ್ಗಿತು. 40 ಮಿ.ಸೆ. ಹಾಕಿದ್ದೂ ಒಂದೇ, ಬಿಟ್ಟದ್ದೂ ಒಂದೇ." ನಿಮ್ಮ ಕೋಣೆಯಲ್ಲಿ, ನಿಮ್ಮ ಮೈಕಿನಲ್ಲಿ ಸಂಖ್ಯೆ ಬೇರೆ ಬರಬಹುದು. ಬರಬೇಕು ಕೂಡ. ಆ ಸಂಖ್ಯೆ ನಿಮ್ಮದೇ ಆಗಿರಬೇಕು.

ಓದುವಾಗ ಒಂದು ಮಾತು ಕಂಡರೆ ಕಣ್ಣು ನಿಲ್ಲಲಿ: ಬೈ ಡಿಫಾಲ್ಟ್. ನೀವು ಏನೂ ಮಾಡದಿದ್ದರೆ ಸಾಫ್ಟ್‌ವೇರ್ ತಾನಾಗಿ ಏನು ಮಾಡುತ್ತದೆ ಎಂದು ಆ ವಾಕ್ಯ ಹೇಳುತ್ತದೆ. ರೀಪರ್‌ನಲ್ಲಿ ಪ್ರಾಜೆಕ್ಟಿನ ಟೆಂಪೋ ಬದಲಿಸಿದರೆ ರೆಕಾರ್ಡ್ ಆದ ಸ್ವರವೂ ಬೈ ಡಿಫಾಲ್ಟ್ ಅದರ ಜೊತೆ ಹಿಗ್ಗುತ್ತದೆ, ಕುಗ್ಗುತ್ತದೆ. ಕ್ಲಿಕ್‌ಗೆ ಹಾಡುವವರಿಗೆ ಅದು ಅನುಕೂಲ. ಭಾಗವತರು ಕ್ಲಿಕ್‌ಗೆ ಹಾಡುವುದಿಲ್ಲ, ಅವರ ಲಯ ಪಾತ್ರದ ಜೊತೆ ಹೋಗುತ್ತದೆ. ಹಾಡಿಸಿದ ಮೇಲೆ ಟೆಂಪೋ ಮುಟ್ಟಿದರೆ ಪದವೇ ಎಳೆದ ಹಾಗೆ ಆಗುತ್ತದೆ. ಆಲ್ಟ್ ಮತ್ತು ಎಂಟರ್ ಒತ್ತಿ ಪ್ರಾಜೆಕ್ಟ್ ಸೆಟ್ಟಿಂಗ್‌ಗೆ ಹೋಗಿ ಟೈಮ್‌ಬೇಸ್ ಅನ್ನು ಟೈಮ್‌ಗೆ ಬದಲಿಸಿದರೆ ಸರಿಹೋಗುತ್ತದೆ. ತ್ರಿವುಡೆಯ ಏಳು ಅಕ್ಷರಕ್ಕೆ 7/4 ಹಾಕುವ ಜಾಗವೂ ಅದೇ ಕಿಟಕಿಯಲ್ಲಿದೆ.

5. ಗುರುತು ಕಡಿಮೆ ಇರಲಿ, ಅರ್ಥ ಗಟ್ಟಿ ಇರಲಿ

ಪುಟವೆಲ್ಲ ಹಳದಿ ಬಳಿದರೆ ಏನೂ ಬಳಿಯದ ಹಾಗೆಯೇ. ನಾನು ನಾಲ್ಕು ಗುರುತು ಮಾತ್ರ ಹಾಕುತ್ತೇನೆ. "ಮಾ" ಅಂದರೆ ಮಾಡಿ ನೋಡಿದ್ದೇನೆ. "ತಿ" ಅಂದರೆ ತಿಳಿಯಲಿಲ್ಲ. "ಜೋ" ಅಂದರೆ ಜೋಪಾನ, ಇಲ್ಲಿ ಕೈ ತಪ್ಪಿದರೆ ರೆಕಾರ್ಡಿಂಗ್ ಹೋಗುತ್ತದೆ. "ಬೇ" ಅಂದರೆ ನಮ್ಮ ಕೆಲಸಕ್ಕೆ ಬೇಡ. ಕೊನೆಯದರ ಮೇಲೆ ನನಗೆ ಬಹಳ ಪ್ರೀತಿ. 400 ಪುಟದಲ್ಲಿ ಅರ್ಧಕ್ಕೆ "ಬೇ" ಬಿದ್ದ ಮೇಲೆ ಪುಸ್ತಕದ ಭಯ ಹೋಗುತ್ತದೆ.

"ತಿ" ಹಾಕಲು ಸಂಕೋಚ ಬೇಡ. ಆದರೆ ಅದರ ಪಕ್ಕದಲ್ಲಿ ಏನು ತಿಳಿಯಲಿಲ್ಲ ಎಂದು ಬರೆಯಿರಿ. ಪದ ಗೊತ್ತಿಲ್ಲವೋ, ಬಟನ್ ಕಾಣಲಿಲ್ಲವೋ, ಮಾಡಿದರೂ ವ್ಯತ್ಯಾಸ ಕೇಳಲಿಲ್ಲವೋ? ಈ ಮೂರಕ್ಕೂ ಪರಿಹಾರ ಬೇರೆ ಬೇರೆ. ತಿಂಗಳಿಗೊಮ್ಮೆ "ತಿ" ಇರುವ ಪುಟಗಳಿಗೆ ಮಾತ್ರ ತಿರುಗಿ ಹೋಗಿ. ಹೆಚ್ಚಿನವು ಆಗ ತಾವಾಗಿಯೇ ಬಿಡಿಸಿಕೊಂಡಿರುತ್ತವೆ.

ಅಂಚಿನಲ್ಲಿ ಬರೆಯುವಾಗ ವಾದ್ಯ, ಸಂಖ್ಯೆ, ಫಲ, ದಿನಾಂಕ ಇರಲಿ. "ಇದು ಮುಖ್ಯ" ಎಂದು ಬರೆದರೆ ಆರು ತಿಂಗಳ ಮೇಲೆ ಯಾಕೆ ಮುಖ್ಯ ಎಂದು ನಿಮಗೇ ಗೊತ್ತಿರುವುದಿಲ್ಲ.

ಕಾಗದವೋ ಪಿಡಿಎಫ್ಫೋ? ಎರಡೂ ಬೇಕು. ದಿನಾ ಬೇಕಾಗುವ 30, 40 ಪುಟಗಳನ್ನು ಮಾತ್ರ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆದು ಸ್ಪೈರಲ್ ಹಾಕಿಸಿ. ಒಂದೇ ಬದಿಗೆ ಪ್ರಿಂಟ್ ಮಾಡಿಸಿದರೆ ಎದುರಿನ ಖಾಲಿ ಪುಟ ನಿಮ್ಮದಾಗುತ್ತದೆ. ಬರೆಯಲು ಪೆನ್ಸಿಲ್ಲೇ ಇರಲಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಕಾಗದ ಮೆತ್ತಗಾಗುತ್ತದೆ. ಜೆಲ್ ಪೆನ್ನಿನ ಶಾಯಿ ಹರಡಿ ಆಚೆ ಬದಿಗೂ ಇಳಿಯುತ್ತದೆ. ನನ್ನ ಒಂದು ಇಡೀ ಅಧ್ಯಾಯದ ಟಿಪ್ಪಣಿ ಜುಲೈ ತಿಂಗಳಲ್ಲಿ ನೀಲಿ ಮೋಡದ ಹಾಗೆ ಆಗಿಹೋಯಿತು. ಪೆನ್ಸಿಲ್ಲಿಗೆ ಆ ತೊಂದರೆ ಇಲ್ಲ.

ಪಿಡಿಎಫ್‌ನಲ್ಲಿ ಟಿಪ್ಪಣಿಯನ್ನು ಕನ್ನಡದಲ್ಲೇ ಟೈಪ್ ಮಾಡಿ. ಒಂದು ಎಚ್ಚರ: ಹೊಸ ಆವೃತ್ತಿಯ ಕೈಪಿಡಿ ಬಂದಾಗ ನಿಮ್ಮ ಟಿಪ್ಪಣಿ ಅದರೊಳಗೆ ಹೋಗುವುದಿಲ್ಲ. ಪುಟ ಸಂಖ್ಯೆಯೂ ಬದಲಾಗುತ್ತದೆ. ಹಾಗಾಗಿ ನೋಟ್‌ಬುಕ್ಕಿನಲ್ಲಿ ಪುಟ ಸಂಖ್ಯೆಯ ಬದಲು ಅಧ್ಯಾಯದ ಶೀರ್ಷಿಕೆ ಬರೆಯಿರಿ. ಹಳೆಯ ಪ್ರತಿಯನ್ನು ಅಳಿಸಬೇಡಿ.

6. ಪದಗಳಿಗೆ ನಿಮ್ಮ ಊರಿನ ಚಿತ್ರ ಕೊಡಿ

ಸೆಂಡ್, ಪ್ರೀ ಫೇಡರ್, ಪೋಸ್ಟ್ ಫೇಡರ್. ಈ ಮೂರು ಪದಗಳ ಮೇಲೆ ನಾನು ಒಂದು ವರ್ಷ ಎಡವಿದೆ. ಚೆಂಡೆಯವರು ಹೆಡ್‌ಫೋನ್ ಹಾಕಿಕೊಂಡು ಬಾರಿಸುತ್ತಿದ್ದರು. ನನ್ನ ಸ್ಪೀಕರಿನಲ್ಲಿ ಪದ ಜೋರಾಯಿತು ಎಂದು ಅದರ ಫೇಡರ್, ಅಂದರೆ ಶಬ್ದ ಏರಿಸಿ ಇಳಿಸುವ ಹಿಡಿ, ಇಳಿಸಿದೆ. ಕೂಡಲೇ ಅವರು ಕೈ ನಿಲ್ಲಿಸಿದರು. "ಮಾರಾಯ್ರೆ, ಭಾಗವತರ ಸ್ವರ ಎಲ್ಲಿಗೆ ಹೋಯ್ತು?"

ಮಾರನೇ ದಿನ ಸೆಂಡ್ ಅಧ್ಯಾಯ ತೆರೆದು ಕೂತೆ. ಇಂಗ್ಲಿಷ್ ಪದಗಳನ್ನು ಹಾಗೇ ಬಾಯಿಪಾಠ ಮಾಡುವುದು ಬಿಟ್ಟು ಎದುರಿನ ಪುಟದಲ್ಲಿ ನಮ್ಮ ಗದ್ದೆಯ ಚಿತ್ರ ಬರೆದೆ. ಹಾಡಿನ ಟ್ರ್ಯಾಕ್ ನೀರು ಹರಿಯುವ ಒಂದು ತೋಡು. ಫೇಡರ್ ಅಂದರೆ ತೋಡಿಗೆ ಹಾಕಿದ ಕಟ್ಟದ ಹಲಗೆ. ಸೆಂಡ್ ಅಂದರೆ ತೋಡಿನಿಂದ ಪಕ್ಕದ ಗದ್ದೆಗೆ ತೆಗೆದ ಕಣಿ. ಕಟ್ಟದ ಕೆಳಗೆ ಕಣಿ ತೆಗೆದರೆ ಅದು ಪೋಸ್ಟ್ ಫೇಡರ್. ಹಲಗೆ ಹಾಕಿದ ಕೂಡಲೇ ಕಣಿಯೂ ಒಣಗುತ್ತದೆ. ಕಟ್ಟದ ಮೇಲ್ಗಡೆ ತೆಗೆದರೆ ಪ್ರೀ ಫೇಡರ್. ಹಲಗೆ ಪೂರ್ತಿ ಮುಚ್ಚಿದರೂ ಆ ಗದ್ದೆಗೆ ನೀರು ಹೋಗುತ್ತಲೇ ಇರುತ್ತದೆ. ರೀಪರ್‌ನಲ್ಲಿ ಹೊಸ ಸೆಂಡ್ ಬೈ ಡಿಫಾಲ್ಟ್ ಪೋಸ್ಟ್ ಫೇಡರ್. ನಾನು ಕಣಿಯನ್ನು ಕಟ್ಟದ ಕೆಳಗೆ ತೆಗೆದಿದ್ದೆ, ಚೆಂಡೆಯವರ ಗದ್ದೆ ಒಣಗಿತು. ಅಷ್ಟೇ ವಿಷಯ.

ಕೋಣೆಯ ಮಾರುದನಿ ಸೇರಿಸುವ ರಿವರ್ಬ್‌ಗೆ ಮಾತ್ರ ಕೆಳಗಿನ ಕಣಿಯೇ ಸರಿ. ಹಾಡು ತಗ್ಗಿಸಿದಾಗ ಅದರ ಮಾರುದನಿಯೂ ತಗ್ಗಬೇಕಲ್ಲ.

ಪ್ರತಿ ಪದಕ್ಕೂ ಹೀಗೆ ಚಿತ್ರ ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ಪದದ ಹೆಸರನ್ನು ಕನ್ನಡಕ್ಕೆ ತಿರುಗಿಸಲು ಒದ್ದಾಡಬೇಡಿ. ಸೆಂಡ್ ಎಂಬುದು ಸೆಂಡ್ ಎಂದೇ ಇರಲಿ, ಮೆನುವಿನಲ್ಲಿ ಹಾಗೇ ಬರುತ್ತದೆ. ಅರ್ಥ ಮಾತ್ರ ನಿಮ್ಮ ಮಾತಿನಲ್ಲಿ ಇರಲಿ.

7. ಸಂಖ್ಯೆ ಕಂಡರೆ ಲೆಕ್ಕ ಮಾಡಿ

ಬಫರ್ ಸೈಜ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ತೆಗೆದುಕೊಳ್ಳುವ ಸ್ಯಾಂಪಲ್‌ಗಳ ಸಂಖ್ಯೆ, 256 ಎಂದು ಕೈಪಿಡಿ ಹೇಳುತ್ತದೆ. 256 ಅಂದರೆ ಎಷ್ಟು ತಡ? ಅದನ್ನು ಸ್ಯಾಂಪಲ್ ರೇಟಿನಿಂದ ಭಾಗಿಸಿ. 48,000ದಲ್ಲಿ ಸುಮಾರು 5.3 ಮಿಲಿಸೆಕೆಂಡ್. 1024 ಆದರೆ 21.3. ಇದು ಒಂದು ಬದಿಯ ಲೆಕ್ಕ. ಸ್ವರ ಒಳಗೆ ಬಂದು ಹೊರಗೆ ಹೋಗುವಾಗ ಎರಡರಷ್ಟಕ್ಕಿಂತ ಸ್ವಲ್ಪ ಜಾಸ್ತಿಯೇ ಆಗುತ್ತದೆ. ಹಾಡಿಸುವಾಗ ಬಫರ್ ಚಿಕ್ಕದು, ಮಿಕ್ಸ್ ಮಾಡುವಾಗ ದೊಡ್ಡದು ಎನ್ನುವುದರ ಕಾರಣ ಈ ಎರಡು ಸಂಖ್ಯೆಯಲ್ಲಿದೆ. ಚಿಕ್ಕದಾದಷ್ಟೂ ಕಂಪ್ಯೂಟರಿಗೆ ಉಸಿರಾಡಲು ಸಮಯ ಇಲ್ಲ, ಚಟ್ ಚಟ್ ಶಬ್ದ ಬರುತ್ತದೆ.

ಮಿಡಿ (ವಾದ್ಯಗಳೂ ಕಂಪ್ಯೂಟರೂ ಸ್ವರದ ಸಂದೇಶ ಕಳಿಸಿಕೊಳ್ಳುವ ಭಾಷೆ) ಅಧ್ಯಾಯದಲ್ಲಿ ಇನ್ನೊಂದು ಗೊಂದಲ ಇದೆ. ನಡುವಿನ ಸಿ ಸ್ವರದ ಮಿಡಿ ಸಂಖ್ಯೆ 60. ಒಂದು ಕೈಪಿಡಿಯಲ್ಲಿ ಅದು ಸಿ3, ಇನ್ನೊಂದರಲ್ಲಿ ಸಿ4. ಎರಡು ಕೈಪಿಡಿ ಒಟ್ಟಿಗೆ ಓದುವವರಿಗೆ ಇಡೀ ಒಂದು ಸ್ಥಾಯಿ ತಪ್ಪುತ್ತದೆ. ಅಂಚಿನಲ್ಲಿ 60 ಎಂದು ಮಾತ್ರ ಬರೆಯಿರಿ. ಸಂಖ್ಯೆ ಯಾವ ಕಂಪನಿಯಲ್ಲೂ ಬದಲಾಗುವುದಿಲ್ಲ.

ಮಂಗಳೂರಿನ ಬಿಜೈಯಲ್ಲಿರುವ ನನ್ನ ಗೆಳೆಯ ಚರ್ಚಿನ ಕೊಯರ್‌ಗೆ ಕೀಬೋರ್ಡ್ ನುಡಿಸುತ್ತಾನೆ. ಅವನ ಹಳೆಯ ಕೀಬೋರ್ಡಿನ ಕೈಪಿಡಿಯ ಕೊನೆಯ ಪುಟದಲ್ಲಿ ಸೊನ್ನೆ ಮತ್ತು ಕತ್ತರಿ ಗುರುತುಗಳ (X) ಒಂದು ಕೋಷ್ಟಕ ಇದೆ. ಮಿಡಿ 1983ರಲ್ಲಿ ಬಂದದ್ದು. ಇಂಥ ಕೋಷ್ಟಕ ಮಿಡಿ ಇರುವ ಹಲವಾರು ವಾದ್ಯಗಳ ಕೈಪಿಡಿಯಲ್ಲಿ ಸಿಗುತ್ತದೆ. ಎಲ್ಲರೂ ಬಿಡುವ ಪುಟ ಅದು. ಓದುವುದು ಸುಲಭ: ಒಂದು ಸಾಲು ವಾದ್ಯ ಏನನ್ನು ಕಳಿಸುತ್ತದೆ ಎಂದು, ಪಕ್ಕದ ಸಾಲು ಏನನ್ನು ಸ್ವೀಕರಿಸುತ್ತದೆ ಎಂದು. ಸೊನ್ನೆ ಇದ್ದರೆ ಹೌದು, ಕತ್ತರಿ ಗುರುತು ಇದ್ದರೆ ಇಲ್ಲ. ಆಫ್ಟರ್‌ಟಚ್‌ಗೆ (ಒತ್ತಿದ ಕೀಯನ್ನು ಇನ್ನೂ ಅದುಮಿದಾಗ ಹೋಗುವ ಸಂದೇಶ) ಕಳಿಸುವ ಕಡೆ ಕತ್ತರಿ ಗುರುತು, ಸ್ವೀಕರಿಸುವ ಕಡೆ ಸೊನ್ನೆ ಇತ್ತು. ಕೀ ಅದುಮಿ ಅದುಮಿ ಅವನು ಬೆರಳು ನೋಯಿಸಿಕೊಂಡದ್ದಕ್ಕೆ ಉತ್ತರ ಅಲ್ಲೇ ಇತ್ತು. ಆ ಕೀಬೋರ್ಡ್ ಅದನ್ನು ಕಳಿಸುವುದೇ ಇಲ್ಲ.

8. ಸಮಯ ಗೊತ್ತು ಮಾಡಿಕೊಳ್ಳಿ

ನನ್ನ ಓದಿನ ಕಾಲ ಪತ್ತನಾಜೆಯ ನಂತರ. ಆ ದಿನ, ಮೇ ಕೊನೆಗೆ, ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ, ಆಮೇಲೆ ಹಂಚಿನ ಮಾಡಿನ ಮೇಲೆ ಮಳೆ. ಮೈಕ್ ತೆರೆದರೆ ಮಳೆಯೇ ರೆಕಾರ್ಡ್ ಆಗುತ್ತದೆ. ಆ ತಿಂಗಳುಗಳಲ್ಲಿ ವಾರಕ್ಕೆ ಮೂರು ದಿನ, ದಿನಕ್ಕೆ 40 ನಿಮಿಷ ಕೂರುತ್ತೇನೆ. ಒಂದು ದಿನಕ್ಕೆ ಒಂದೇ ಪ್ರಶ್ನೆ. ಕರೆಂಟ್ ಹೋದರೆ ಪ್ರಯೋಗ ನಿಲ್ಲಿಸಿ ಆವತ್ತಿನ ಟಿಪ್ಪಣಿಯನ್ನು ತಿದ್ದಿ ಬರೆಯುತ್ತೇನೆ.

9. ಅಂಚಿನಿಂದ ಕೆಲಸಕ್ಕೆ ಸಾಗಿಸಿ

"ಮಾ" ಬಿದ್ದ ಟಿಪ್ಪಣಿಗಳು ಪುಸ್ತಕದಲ್ಲೇ ಉಳಿದರೆ ಪ್ರಯೋಜನ ಕಡಿಮೆ. ಗಟ್ಟಿಯಾದವನ್ನು ಖಾಲಿ ಪ್ರಾಜೆಕ್ಟ್ ಒಂದರಲ್ಲಿ ಹಾಕಿ ಟೆಂಪ್ಲೇಟ್ ಮಾಡಿ ಉಳಿಸಿ: ಸ್ಯಾಂಪಲ್ ರೇಟ್, ಟೈಮ್‌ಬೇಸ್, ಹೆಡ್‌ಫೋನಿನ ಪ್ರೀ ಫೇಡರ್ ಸೆಂಡ್. ರೀಪರ್‌ನ ಪ್ರಾಜೆಕ್ಟ್ ಸೆಟ್ಟಿಂಗ್‌ನಲ್ಲಿ ಟಿಪ್ಪಣಿಗೆ ಒಂದು ಜಾಗ ಇದೆ. ಪ್ರಾಜೆಕ್ಟ್ ತೆರೆದ ಕೂಡಲೇ ಅದು ಕಣ್ಣ ಮುಂದೆ ಬರುವ ಹಾಗೂ ಮಾಡಬಹುದು.

ಜೊತೆಗೆ ಒಂದೇ ಒಂದು ಚೀಟಿ ಮೇಜಿನ ಎದುರಿನ ಗೋಡೆಗೆ ಇರಲಿ. ಐದು ಸಾಲಿಗಿಂತ ಜಾಸ್ತಿ ಬೇಡ. ಹೊಸ ಸಾಲು ಬರಬೇಕಾದರೆ ಹಳೆಯದೊಂದು ಹೋಗಬೇಕು. ನನ್ನ ಚೀಟಿಯಲ್ಲಿ ಈಗ ಇರುವುದು ಇಷ್ಟು:

ಬಂದ ಫೈಲ್ 48 ಸಾವಿರವೋ 44.1 ಸಾವಿರವೋ, ಮೊದಲು ನೋಡು.
ಹಾರ್ಮೋನಿಯಂನಲ್ಲಿ ಶ್ರುತಿ ಹಿಡಿದು ಫೈಲಿನ ಜೊತೆ ತಾಳೆ ಹಾಕು.
ಹಾಡಿಸುವಾಗ ಬಫರ್ 128.
ಹೆಡ್‌ಫೋನಿನ ಕಣಿ ಕಟ್ಟದ ಮೇಲ್ಗಡೆ.
ಚೆಂಡೆ ಅಟ್ಯಾಕ್ 20ರಿಂದ ಶುರು ಮಾಡು, ಕಿವಿ ಹೇಳಿದಲ್ಲಿ ನಿಲ್ಲಿಸು.